ಕಲಬುರಗಿಯ ದೂರದರ್ಶನ ಕೇಂದ್ರದ ಪೂರ್ವೋತ್ತರ

ಕನ್ನಡನಾಡಿನಲ್ಲಿ ದೂರದರ್ಶನದ ಚರಿತ್ರೆಯು ೧೯೮೧ನೆಯ ಇಸವಿ ನವೆಂಬರ್ ೧ರಂದು ಬೆಂಗಳೂರಿನಲ್ಲಿ ಆರಂಭವಾಯಿತೆಂಬ ಭಾವನೆಯು ಹಲವರಲ್ಲಿ ನೆಲೆಗೊಂಡಿದೆ. ಈ ಭಾವನೆ ಸರಿಯಾದುದಲ್ಲ. ಬೆಂಗಳೂರಿನ ಕೇಂದ್ರಕ್ಕಿಂತ ನಾಲ್ಕು ವರ್ಷ ಮೊದಲೇ, ೧೯೭೭ರಲ್ಲಿ, ಆಗ ಗುಲ್ಬರ್ಗವೆಂದು ಕರೆಯಲ್ಪಡುತ್ತಿದ್ದ ಕಲಬುರಗಿಯಲ್ಲಿ ಪ್ರಸಾರವು ನಡೆಯತೊಡಗಿತ್ತು. ಅದಕ್ಕೂ ಎರಡು ವರ್ಷ ಹಿಂದೆಯೇ ಆ ಸೀಮೆಯ ಹಳ್ಳಿಗಳ ಜನರು ಕನ್ನಡದ ಕಾರ್ಯಕ್ರಮಗಳನ್ನು ಕಂಡಿದ್ದರು. ರಾಜಧಾನಿಗೆ ಇನ್ನೂ ಬಾರದಿದ್ದ ಸಾಧನವು ಮಳೆ ಕಡಮೆಯಾದ ಗಡಿಸೀಮೆಗೆ ಮೊದಲು ಬಂದುದು ಹೇಗೆಂಬುದು ವಿಚಾರಾರ್ಹವಾಗಿದೆ.

ಭಾರತದಲ್ಲಿ ದೂರದರ್ಶನವು ೧೯೫೯ರಲ್ಲಿ ದೆಹಲಿಯಲ್ಲಿ ಪ್ರಯೋಗರೂಪವಾಗಿ ಮೊದಲಾಯಿತು. ಮುಂಬಯಿಗೆ ಅದು ೧೯೭೨ರಲ್ಲಿ ಬಂದಿತು. ಹೀಗೆ ಅದು ನಗರದಿಂದ ನಗರಕ್ಕೆ ಮೆಲ್ಲಮೆಲ್ಲನೆ ಹರಡುತ್ತಿದ್ದಾಗ, ವಿಕ್ರಮ ಸಾರಾಭಾಯಿಯವರು ಬೇರೊಂದು ಮಾರ್ಗವನ್ನು ಸೂಚಿಸಿದರು. ಉಪಗ್ರಹದ ಮೂಲಕ ಕಾರ್ಯಕ್ರಮಗಳನ್ನು ನೇರವಾಗಿ ಹಳ್ಳಿಗಳಿಗೇ ತಲುಪಿಸಬೇಕೆಂಬುದು ಅವರ ಅಭಿಪ್ರಾಯವಾಗಿದ್ದಿತು. ೧೯೬೯ರಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಈ ವಿಷಯದಲ್ಲಿ ಒಪ್ಪಂದವಾಯಿತು. ಸಾರಾಭಾಯಿಯವರು ೧೯೭೧ರಲ್ಲಿ ತೀರಿಕೊಂಡುದರಿಂದ ಅದರ ಫಲವನ್ನು ಕಾಣಲಿಲ್ಲ.

ಆ ಪ್ರಯೋಗವು ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ ಒಂದು ವರ್ಷ ನಡೆಯಿತು. ನಾಸಾದ ಏ.ಟಿ.ಎಸ್.-೬ ಉಪಗ್ರಹವು ಇದಕ್ಕಾಗಿ ಎರವಲಾಗಿ ದೊರೆತಿದ್ದಿತು. ಆರು ರಾಜ್ಯಗಳಲ್ಲಿ ಸುಮಾರು ೨೪೦೦ ಹಳ್ಳಿಗಳನ್ನು ಗೊತ್ತುಮಾಡಲಾಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಇದಕ್ಕೆ ಸೇರಿದುವು. ಹಳ್ಳಿಗೊಂದು ಸಾರ್ವಜನಿಕ ಪೆಟ್ಟಿಗೆ, ಅದರ ಬಳಿ ತಂತಿಬಲೆಯಿಂದ ಮಾಡಿದ ಸುಮಾರು ಹತ್ತು ಅಡಿ ಅಗಲದ ಗ್ರಾಹಕ ತಟ್ಟೆ, ಇಷ್ಟೇ ಅಲ್ಲಿನ ಸಲಕರಣೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೂ ಸಂಜೆ ವಯಸ್ಕರಿಗೂ ಪಾಠ, ಬೇಸಾಯ, ಆರೋಗ್ಯ ಮೊದಲಾದುವನ್ನು ಕುರಿತ ಕಾರ್ಯಕ್ರಮಗಳು ನಡೆದುವು. ರಜೆಯ ಕಾಲದಲ್ಲಿ ಸಾವಿರಾರು ಉಪಾಧ್ಯಾಯರಿಗೆ ಇದರ ಮೂಲಕವೇ ಶಿಕ್ಷಣ ಕೊಡಲಾಯಿತು.

ಇಲ್ಲಿ ಭಾಷೆಯ ಪ್ರಶ್ನೆಯೇ ಮುಖ್ಯವಾದುದು. ಒಂದೇ ಉಪಗ್ರಹದ ಕಾಲಾವಕಾಶವನ್ನು ಹಿಂದಿ, ಒರಿಯಾ, ತೆಲುಗು, ಕನ್ನಡಗಳಿಗೆ ಹಂಚಬೇಕಾಗಿದ್ದಿತು. ಆದುದರಿಂದ ಕನ್ನಡದ ಪಾಲಿಗೆ ಬಂದುದು ಸ್ವಲ್ಪವೇ. ಅಲ್ಲದೆ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ತೆಲುಗಿನೊಂದಿಗೆ ಹೈದರಾಬಾದಿನಲ್ಲಿ. ಗುಲ್ಬರ್ಗ, ರಾಯಚೂರು ಸೀಮೆಗಳು ೧೯೫೬ರಲ್ಲಿ ಹೈದರಾಬಾದು ರಾಜ್ಯದಿಂದ ಬಿಡುಗಡೆ ಹೊಂದಿ ಕನ್ನಡನಾಡಿನಲ್ಲಿ ಕೂಡಿದ್ದುವು. ಎರಡು ದಶಕಗಳು ಕಳೆಯುವ ಮೊದಲೇ ಅವುಗಳ ಜನರಿಗೆ ಅವರ ನುಡಿಯೇ ಆ ಹಳೆಯ ರಾಜಧಾನಿಯಿಂದ ಹೊಸ ರೂಪದಲ್ಲಿ ಬರತೊಡಗಿತು. ಇದು ಯಾರ ದುರುದ್ದೇಶದ ಫಲವೂ ಅಲ್ಲ. ಸಲಕರಣೆಗಳಿದ್ದ ಕಡೆ ಕೆಲಸ ನಡೆಯಿತು. ಆದರೂ ನೋಡುವ ಹಳ್ಳಿಗೂ ತಯಾರಿಸುವ ಊರಿಗೂ ನಡುವೆ ಇದ್ದ ಅಂತರವನ್ನು ಚರಿತ್ರಕಾರನು ಮರೆಯತಕ್ಕುದಲ್ಲ.

ವರ್ಷ ತುಂಬಿದೊಡನೆ ಉಪಗ್ರಹವು ಹಿಂದಕ್ಕೆ ಹೋಯಿತು. ಹಳ್ಳಿಯ ಪೆಟ್ಟಿಗೆಗಳು ಮೂಕವಾದುವು. ಈ ಕೊರತೆಯನ್ನು ತುಂಬುವುದಕ್ಕಾಗಿ ಜಯಪುರ, ಹೈದರಾಬಾದು, ರಾಯಪುರ, ಸಂಬಲಪುರ, ಮುಜಫರಪುರ, ಗುಲ್ಬರ್ಗ ಎಂಬ ಆರು ಸ್ಥಳಗಳಲ್ಲಿ ನೆಲದ ಮೇಲಿನ ಪ್ರಸಾರ ಗೋಪುರಗಳನ್ನು ಸ್ಥಾಪಿಸಲು ಸರಕಾರವು ನಿಶ್ಚಯಿಸಿತು. ಗುಲ್ಬರ್ಗದ ಕೇಂದ್ರವು ಹುಟ್ಟಿದುದು ಹೀಗೆ. ಆದರೆ ಉಪಗ್ರಹಕ್ಕೂ ಗೋಪುರಕ್ಕೂ ಬಹಳ ಭೇದವುಂಟು. ಆಕಾಶದಿಂದ ಇಳಿಯುವ ಅಲೆಗೆ ದೂರದ ಹಳ್ಳಿಯೂ ಹತ್ತಿರದ ಹಳ್ಳಿಯೂ ಸಮಾನ. ಗೋಪುರದ ಅಲೆಯಾದರೋ ಹೆಚ್ಚುಕಡಮೆ ದೃಷ್ಟಿ ಹರಿಯುವಷ್ಟು ದೂರಕ್ಕೆ ಮಾತ್ರ ಸಲ್ಲುವುದು. ಆದಕಾರಣ ಮೊದಲಿನ ಪ್ರಯೋಗಕ್ಕೆ ಸೇರಿದ್ದ ಹಳ್ಳಿಗಳಲ್ಲಿ ಹಲವು ಹೊಸ ಪ್ರಸಾರದ ಎಲ್ಲೆಯಿಂದ ಹೊರಗುಳಿದುವು. ಒಮ್ಮೆ ಕೊಟ್ಟುದನ್ನು ಅವುಗಳಿಂದ ಹಿಂದಕ್ಕೆ ತೆಗೆದುಕೊಂಡಂತಾಯಿತು.

ಮುಂದೆ ೧೯೮೨ರಲ್ಲಿ ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮವು ಮೊದಲಾಯಿತು. ೧೯೮೪ರ ಸುಮಾರಿನಲ್ಲಿ ಇನ್‌ಸ್ಯಾಟ್ ಉಪಗ್ರಹದ ನೆರವಿನಿಂದ ದೇಶದ ಪಟ್ಟಣಗಳಲ್ಲೆಲ್ಲ ಮರುಪ್ರಸಾರದ ಯಂತ್ರಗಳು ತಲೆಯೆತ್ತಿದುವು. ಸಾರ್ವಜನಿಕ ಪೆಟ್ಟಿಗೆಯ ಕಾಲ ಮುಗಿದು ಮನೆಯ ಪೆಟ್ಟಿಗೆಯ ಕಾಲ ಬಂದಿತು. ೨೦೨೧ರ ಸುಮಾರಿನಲ್ಲಿ ದೇಶದ ಹಳೆಯ ಅನಲಾಗ್ ಗೋಪುರ ಪ್ರಸಾರವನ್ನು ಬಹುಮಟ್ಟಿಗೆ ನಿಲ್ಲಿಸಿದಾಗ ಕಲಬುರಗಿಯ ಕೇಂದ್ರದ ಹೆಸರೂ ಆ ಪ್ರಸ್ತಾಪದಲ್ಲಿ ಬಂದಿತು. ಅಂತಹ ಕೇಂದ್ರಗಳು ರಾಜ್ಯದ ವಾಹಿನಿಗಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿರುವುವೆಂದು ಪ್ರಸಾರ ಭಾರತಿಯು ಆಗ ತಿಳಿಸಿತು.

ಈ ಚರಿತ್ರೆಯಿಂದ ಎರಡು ಅಂಶಗಳು ಸ್ಪಷ್ಟಪಡುತ್ತವೆ. ಕನ್ನಡದ ದೂರದರ್ಶನವು ನಗರದ ವಿನೋದಕ್ಕಾಗಿ ಹುಟ್ಟಿದುದಲ್ಲ, ಹಳ್ಳಿಯ ಶಿಕ್ಷಣಕ್ಕಾಗಿ ಹುಟ್ಟಿದುದು ಎಂಬುದು ಮೊದಲನೆಯದು. ಒಂದು ಕೇಂದ್ರವು ಸ್ಥಳೀಯವೆನಿಸಿಕೊಳ್ಳುವುದಕ್ಕೆ ಗೋಪುರವೊಂದೇ ಸಾಲದು, ಅಲ್ಲಿ ಕೇಳುವ ಮಾತೂ ಆ ಸ್ಥಳದ್ದೇ ಆಗಿರಬೇಕು ಎಂಬುದು ಎರಡನೆಯದು. ಕಲಬುರಗಿಗೆ ಗೋಪುರವು ಬೇಗನೆ ದೊರೆಯಿತು. ಆ ಸೀಮೆಯ ಮಾತಿಗೆ ಅಲ್ಲಿ ಎಷ್ಟು ಎಡೆ ದೊರೆಯಿತೆಂಬುದರ ಮೇಲೆಯೇ ಅದರ ನಿಜವಾದ ಬೆಲೆಯನ್ನು ಕಟ್ಟಬೇಕು.