ಛಾಯಾಚಿತ್ರಗಳಲ್ಲಿ ಹಂಪೆಯ ತೇರುಬೀದಿ

ವಿರೂಪಾಕ್ಷ ದೇವಾಲಯದ ಮಹಾದ್ವಾರದಿಂದ ಮೂಡಲಿಗೆ, ಮತಂಗಪರ್ವತದ ತಪ್ಪಲವರೆಗೆ, ತೇರುಬೀದಿಯು ನೆಟ್ಟಗೆ ಚಾಚಿರುವುದು. ಅದರ ಇಕ್ಕೆಲಗಳಲ್ಲಿ ಕಲ್ಲುಕಂಬದ ಸಾಲುಮಂಟಪಗಳುಂಟು. ವಿಜಯನಗರದ ಕಾಲದಲ್ಲಿ ಇದು ಉತ್ಸವದ ಬೀದಿಯೂ ಹೌದು, ಪೇಟೆಯೂ ಹೌದು.

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾದ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬುವನು ಹಂಪೆಯ ಛಾಯಾಚಿತ್ರಗಳನ್ನು ತೆಗೆದನು. ಮೇಣ ಹಚ್ಚಿದ ಕಾಗದದ ಮೇಲೆ ಬಿಂಬವು ಮೂಡಲು ಬಹಳ ಹೊತ್ತು ಬೇಕಾಗುತ್ತಿದ್ದಿತು. ಅಂತಹ ಕಾಗದದಲ್ಲಿ ಕಲ್ಲು ಸ್ಪಷ್ಟವಾಗಿ ನಿಲ್ಲುವುದು. ನಡೆದಾಡುವ ಮನುಷ್ಯನು ಗುರುತಿಲ್ಲದೆ ಕರಗಿಹೋಗುವನು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸರು ಅವೇ ತಾಣಗಳಲ್ಲಿ ನಿಂತು ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ಶಿಲೆಯ ಅಳಿವು ಉಳಿವುಗಳು ತಿಳಿಯುವುವು.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಪ್ರವಾಸಿಗಳು ಹೆಚ್ಚಿದಂತೆ, ಮಂಟಪಗಳಲ್ಲಿ ನೆಲೆಸಿದ್ದವರ ಮನೆಗಳ ನಡುವೆ ಅಂಗಡಿ, ಹೋಟೆಲು, ವಸತಿಗೃಹಗಳೆದ್ದವು. ಹೊಸ ಗೋಡೆಗಳಿಂದ ಹಳೆಯ ಕಂಬಗಳಿಗೆ ಕೇಡಾಯಿತೆಂಬುದು ಸುಳ್ಳಲ್ಲ. 2011ರ ಜುಲೈಯಲ್ಲಿ ಅಧಿಕಾರಿಗಳು ಆ ಕಟ್ಟಡಗಳನ್ನು ಕೆಡವಿಸಿದರು. ಅನೇಕ ಕುಟುಂಬಗಳು ನೆಲೆ ತಪ್ಪಿದವು. ಬೀದಿಯು ಮತ್ತೆ ಗ್ರೀನ್‌ಲಾನ ಚಿತ್ರದಂತೆ ನಿರ್ಜನವಾಯಿತು. ಆದರೆ ಪೇಟೆಗೆ ನಿರ್ಜನತೆಯು ಮೂಲರೂಪವೆ?

ಶಿಲೆಗೆ ಸಾಕ್ಷಿ ಹೇಳುವ ಚಿತ್ರಗಳು ಬೇಕಾದಷ್ಟಿವೆ. ಒಲೆ ಹೊಗೆಯಾಡುತ್ತಿದ್ದ, ಮಕ್ಕಳು ಆಡುತ್ತಿದ್ದ ಬೀದಿಗೆ ಸಾಕ್ಷಿಯಾದ ಚಿತ್ರಗಳಾದರೋ, ಹಿಂದೆ ಯಾತ್ರೆಗೆ ಹೋಗಿಬಂದವರ ಮನೆಯ ಪೆಟ್ಟಿಗೆಗಳಲ್ಲಿರುವುವು. ಅವುಗಳ ಬೆನ್ನಿಗೆ ವರ್ಷವನ್ನೂ ಸ್ಥಳವನ್ನೂ ಬರೆದಿಟ್ಟರೆ ಅದೂ ಚರಿತ್ರೆಯ ಸೇವೆಯೇ ಸರಿ.