ಒಲೆಯ ಬೂದಿ, ಮೆಣಸಿನ ಕಷಾಯ ಮತ್ತು ಅಹಿಂಸೆ

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಕೃಷಿಯಲ್ಲಿ ಎಚ್ಚರವಹಿಸಿದರೂ ಆಗಿಬಿಡುವ ಜೀವಹಾನಿ ಉದ್ಯೋಗೀ ಹಿಂಸೆ; ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪಿದ್ದಲ್ಲ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ; ಅದು ಶ್ರಾವಕನಿಗೆ ವರ್ಜ್ಯ. ಹಾಗಾದರೆ ಅಲಸಂಡೆಯ ಕುಡಿಗೆ ಮುತ್ತಿದ ಹೇನಿನ ಮೇಲೆ ಮೆಣಸಿನ ಕಷಾಯವನ್ನು ಎರಚುವುದು ಯಾವ ಬಗೆಗೆ ಸೇರುತ್ತದೆ? ಅದು ಮನೆಮದ್ದು, ವಿಷವಲ್ಲ ಎಂಬಷ್ಟೇ ಉತ್ತರ ಸಾಲದು.

ಗಿಡಮರಗಳ ರೋಗಗಳಿಗೆ ಮದ್ದು ಹೇಳುವ ವಿದ್ಯೆ ವೃಕ್ಷಾಯುರ್ವೇದ. ಕನ್ನಡದಲ್ಲಿ ಅದು ಕ್ರಿ.ಶ. 1025ರ ಸುಮಾರಿನ 'ಲೋಕೋಪಕಾರ'ದಲ್ಲಿಯೇ ಬಂದಿದೆ. ಅದನ್ನು ಬರೆದ ಚಾವುಂಡರಾಯನು ಶ್ರವಣಬೆಳಗೊಳದ ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿಯಲ್ಲ. ಚಾಲುಕ್ಯ ಜಯಸಿಂಹನ ಕಾಲದ ಬೇರೊಬ್ಬನು. ಜೈನರ ವಿಶೇಷ ಕೊಡುಗೆಯಿರುವುದು ವೈದ್ಯದಲ್ಲಿ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ತೊರೆದೇ ಚಿಕಿತ್ಸೆಯನ್ನು ನಿರೂಪಿಸಿದರು. 14ನೆಯ ಶತಮಾನದ ಮಂಗರಾಜನು ವಿಷವೈದ್ಯಕ್ಕಾಗಿಯೇ 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಮದ್ದು ಗುಣ ಕೊಡುವುದೇ ಎಂದಷ್ಟೇ ಅಲ್ಲ, ಅದರಿಂದ ಯಾವ ಜೀವಕ್ಕೆ ನೋವು ಎಂದೂ ಕೇಳುವ ಈ ಪರಂಪರೆಯನ್ನು ತೋಟದ ಮದ್ದಿಗೂ ಅನ್ವಯಿಸಬೇಕು.

ತುಳುನಾಡಿನ ಮನೆಗಳ ರೂಢಿ ಸರಳವಾದುದು. ಇಬ್ಬನಿಯಾರದ ಮುಂಜಾನೆ ಎಲೆಗಳ ಮೇಲೆ ಒಲೆಯ ಬೂದಿ ಚೆಲ್ಲುವುದು, ಧಾನ್ಯದ ನಡುವೆ ಲಕ್ಕಿಸೊಪ್ಪು ಇಡುವುದು, ಅಕ್ಕಿಯನ್ನು ಒಣಹುಲ್ಲಿನ ಮುಡಿ ಕಟ್ಟಿ ಕಾಪಾಡುವುದು. ಮೆಣಸಿನ ಕಷಾಯ ಇವುಗಳಷ್ಟು ಪ್ರಾಚೀನವೆಂದು ಭಾವಿಸಲಾಗದು. 1432ರಲ್ಲಿ ಕಾರ್ಕಳದ ಬಾಹುಬಲಿಮೂರ್ತಿಯ ಪ್ರತಿಷ್ಠೆಯಾದಾಗ ಈ ನಾಡಿನ ಯಾವ ಅಡುಗೆಮನೆಯಲ್ಲಿಯೂ ಮೆಣಸಿನಕಾಯಿ ಇರಲಿಲ್ಲ, ಇದ್ದುದು ಒಳ್ಳೆಮೆಣಸು. ಅಮೆರಿಕಾ ಖಂಡದ ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಬಂದದ್ದು ಅನಂತರ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಬೂದಿಯ ಸ್ಥಾನಕ್ಕೆ ರಾಸಾಯನಿಕ ವಿಷ ಬಂದಿತು. ನೆರೆಯ ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಹಳ್ಳಿಗಳು ಇಂದಿಗೂ ಅದರ ಯಾತನೆಯನ್ನು ಅನುಭವಿಸುತ್ತಿವೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು. ಕೀಟಕ್ಕೆಂದು ಎರಚಿದ ವಿಷ ಕೀಟದಲ್ಲಿಯೇ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ಉಡುಪಿಯ ಹಿತ್ತಿಲುಗಳಲ್ಲಿಯೂ ಮಣಿಪಾಲದ ತಾರಸಿಗಳಲ್ಲಿಯೂ ಅನೇಕರು ಅಡುಗೆಮನೆಯ ಮದ್ದಿನತ್ತ ಮರಳುತ್ತಿರುವುದು ಸ್ವಾಗತಾರ್ಹ. ಆದರೆ ಅಡುಗೆಮನೆಯಿಂದ ಬಂದುದೆಲ್ಲವೂ ಅಹಿಂಸೆಯಾಗದು. ಬೂದಿ ಎಲೆಯನ್ನು ಮುಚ್ಚಿ ಕೀಟಕ್ಕೆ ಅಪ್ರಿಯವಾಗಿಸುತ್ತದೆ. ತೆಳುವಾದ ಮೆಣಸಿನ ನೀರು ತನ್ನ ಖಾರದಿಂದ ಕೀಟವನ್ನು ಅಟ್ಟುತ್ತದೆ. ಗಟ್ಟಿಯಾದರೆ ಮೃದುದೇಹದ ಜೀವಿಗಳನ್ನು ಕೊಲ್ಲಲೂಬಹುದು. ಕಹಿಬೇವು ಕೀಟಕ್ಕೆ ಎಲೆಯನ್ನು ಬೇಡವಾಗಿಸುವುದಲ್ಲದೆ ಮರಿಹುಳು ಪೊರೆ ಕಳಚುವುದನ್ನೂ ತಡೆಯುತ್ತದೆ. ಅದು ನಿಧಾನವಾದ ಮರಣವೇ. ಹೊಗೆಸೊಪ್ಪಿನ ಕಷಾಯವಂತೂ ಸಸ್ಯಜನ್ಯವಾದರೂ ಉಗ್ರ ವಿಷ. ಬೆಳ್ಳುಳ್ಳಿ, ಶುಂಠಿಗಳನ್ನು ಅನಂತಕಾಯವೆಂದು ಊಟದಿಂದ ದೂರವಿಡುವ ಮನೆಯವರು ಅವುಗಳನ್ನೇ ತೋಟಕ್ಕೆಂದು ಅರೆಯುವುದು ಸಂಗತವೆನಿಸದು.

ಈ ಮದ್ದುಗಳಿಗೆ ಮಿತಿಯೂ ಉಂಟು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ಆಷಾಢದ ಬೂದಿ ಒಂದು ಗಳಿಗೆಯೂ ನಿಲ್ಲದು. ಕಾಪು ಸಮೀಪದ ಮಟ್ಟುವಿನ ಪ್ರಸಿದ್ಧ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಬದನೆಯ ಕಾಯಿಯೊಳಗೆ ಹೊಕ್ಕ ಹುಳುವಿಗೆ ಮೇಲೆ ಎರಚಿದ ಯಾವ ಕಷಾಯವೂ ತಲಪದು. ಮೊಟ್ಟೆಯಿಡುವ ಪತಂಗ ಒಳಬಾರದಂತೆ ಸಣ್ಣ ಕಣ್ಣಿನ ಬಲೆ ಮುಚ್ಚುವುದೇ ಅಲ್ಲಿ ಮೇಲು. ಕೊಲ್ಲುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಅಹಿಂಸೆಯ ಮೊದಲ ಮೆಟ್ಟಿಲಲ್ಲವೇ?

ಬಸದಿಗಳ ಮೊಕ್ತೇಸರರು ಈ ವಿಚಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಜಿನೇಶ್ವರನ ಪೂಜೆಗೆ ಹೂ ಬೆಳೆಯುವ ತೋಟದಲ್ಲಿ ಮೊದಲು ತಡೆ, ಬಳಿಕ ಬೂದಿ, ಅಗತ್ಯವಿದ್ದಲ್ಲಿ ಮಾತ್ರ ತೆಳುವಾದ ಮೆಣಸಿನ ನೀರು ಎಂಬ ಕ್ರಮವಿರಲಿ. ದುಂಬಿ ಜೇನುಗಳು ಹೂವಿಗೆ ಬರುವ ಹೊತ್ತಿನಲ್ಲಿ ಅದೂ ಬೇಡ. ಕೆಲವು ಎಲೆಗಳನ್ನು ಹುಳುಗಳು ತಿಂದರೆ ತಿನ್ನಲಿ. ಅಷ್ಟು ನಷ್ಟವನ್ನು ಸಹಿಸುವುದೂ ದಾನವೇ.