ಅಮೆರಿಕದ ದಿವಾಳಿ ಕಾನೂನಿನಲ್ಲಿ ಬ್ಯಾಂಕ್ ಖಾತೆಯ ಹಣ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಬ್ಬ ವ್ಯಕ್ತಿ ದಿವಾಳಿ ಅರ್ಜಿ ಸಲ್ಲಿಸಿದ ಗಳಿಗೆಯಿಂದ ಅವನ ಬ್ಯಾಂಕ್ ಖಾತೆಯಲ್ಲಿರುವ ಹಣ ಅವನೊಬ್ಬನದೇ ಆಗಿ ಉಳಿಯುವುದಿಲ್ಲ. 1978ರ ದಿವಾಳಿ ಸಂಹಿತೆಯ 541ನೇ ಸೆಕ್ಷನ್ ಪ್ರಕಾರ ಅವನ ಮನೆ, ವಾಹನ, ಠೇವಣಿಗಳೆಲ್ಲ ‘ಎಸ್ಟೇಟ್’ ಎಂಬ ಪ್ರತ್ಯೇಕ ಆಸ್ತಿಗೆ ಸೇರುತ್ತವೆ. ಅದರಲ್ಲಿ ಅರ್ಜಿದಾರನಿಗೆ ಎಷ್ಟು ಉಳಿಯಬೇಕು, ಸಾಲ ಕೊಟ್ಟವರಿಗೆ ಎಷ್ಟು ಹೋಗಬೇಕು ಎಂಬುದನ್ನು ವಿನಾಯಿತಿಯ ನಿಯಮಗಳು ನಿರ್ಧರಿಸುತ್ತವೆ. ವ್ಯಕ್ತಿಗಳು ಹೆಚ್ಚಾಗಿ ಬಳಸುವುದು ಸಂಹಿತೆಯ 7 ಮತ್ತು 13ನೇ ಅಧ್ಯಾಯಗಳನ್ನು. ಖಾತೆಯ ಹಣದ ಪ್ರಶ್ನೆ ತೀವ್ರವಾಗುವುದು ಆಸ್ತಿ ಮಾರಿ ಸಾಲ ತೀರಿಸುವ 7ನೇ ಅಧ್ಯಾಯದಲ್ಲಿ.

ಇಲ್ಲಿ ಎಲ್ಲ ಲೆಕ್ಕವೂ ಅರ್ಜಿ ದಾಖಲಾದ ಕ್ಷಣಕ್ಕೆ ಕಟ್ಟುಬಿದ್ದಿದೆ. ನ್ಯಾಯಾಲಯದ ಮುದ್ರೆಯಲ್ಲಿ ದಿನಾಂಕದ ಜೊತೆಗೆ ಸಮಯವೂ ದಾಖಲಾಗುತ್ತದೆ. ಬೆಳಿಗ್ಗೆ ಜಮೆಯಾದ ಸಂಬಳ ಮಧ್ಯಾಹ್ನ ಸಲ್ಲಿಸಿದ ಅರ್ಜಿಯ ಎಸ್ಟೇಟಿಗೆ ಸೇರುತ್ತದೆ. ಅರ್ಜಿಯ ನಂತರದ ದುಡಿಮೆಗೆ ಬರುವ ಸಂಬಳ 7ನೇ ಅಧ್ಯಾಯದಲ್ಲಿ ಎಸ್ಟೇಟಿಗೆ ಸೇರುವುದಿಲ್ಲ. ಆದ್ದರಿಂದಲೇ ಅನುಭವಿ ವಕೀಲರು ಸಂಬಳದ ದಿನ ಬಿಟ್ಟು, ಬಾಡಿಗೆ, ವಿಮೆ, ದಿನಸಿಯ ಖರ್ಚೆಲ್ಲ ಕಳೆದು ಖಾತೆಯ ಶಿಲ್ಕು ತಗ್ಗಿದ ದಿನ ಅರ್ಜಿ ಹಾಕಿಸುತ್ತಾರೆ. ಇದರಲ್ಲಿ ಮೋಸವೇನಿಲ್ಲ, ಬದುಕಿನ ನಿತ್ಯದ ಖರ್ಚಿಗೆ ತನ್ನ ಹಣ ಬಳಸುವುದನ್ನು ಕಾನೂನು ತಡೆಯುವುದಿಲ್ಲ.

ತೊಡಕು ಬರುವುದು ಬರೆದುಕೊಟ್ಟೂ ನಗದಾಗದ ಚೆಕ್ಕುಗಳಲ್ಲಿ. ಉದಾಹರಣೆಗೆ, ಒಬ್ಬನ ಖಾತೆಯಲ್ಲಿ 3,200 ಡಾಲರ್ ಇದೆ ಎನ್ನೋಣ. ಅದರಲ್ಲಿ 1,800 ಡಾಲರಿನ ಬಾಡಿಗೆ ಚೆಕ್ ಮನೆ ಮಾಲೀಕನ ಕೈ ಸೇರಿದೆ, ಆದರೆ ಬ್ಯಾಂಕಿಗೆ ಬಂದಿಲ್ಲ. ಆ ಹೊತ್ತಿಗೆ ಅರ್ಜಿ ದಾಖಲಾದರೆ ಎಸ್ಟೇಟಿಗೆ ಸೇರುವ ಮೊತ್ತ 1,400 ಅಲ್ಲ, 3,200. ಬ್ಯಾಂಕ್ ಚೆಕ್ಕನ್ನು ಮಾನ್ಯ ಮಾಡಿದಾಗಲೇ ಹಣ ಕೈಬದಲಾಯಿತು ಎಂದು ಬಾರ್ನ್‌ಹಿಲ್ ವಿರುದ್ಧ ಜಾನ್ಸನ್ (1992) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬೇರೆ ಸಂದರ್ಭದ್ದಾದರೂ ಅದರ ತರ್ಕ ಇಲ್ಲಿಗೂ ಹೊಂದುತ್ತದೆ. ಅರ್ಜಿಯ ಸುದ್ದಿ ತಿಳಿಯದೆ ಚೆಕ್ ಪಾಸು ಮಾಡಿದ ಬ್ಯಾಂಕ್ ಹೊಣೆಯಾಗದು ಎಂಬುದು 1966ರ ಬ್ಯಾಂಕ್ ಆಫ್ ಮರಿನ್ ಪ್ರಕರಣದಿಂದಲೇ ಸ್ಥಾಪಿತ ನಿಯಮ. ಹಾಗಾದರೆ ಖರ್ಚಾಗಿಹೋದ 1,800 ಡಾಲರನ್ನು ತುಂಬಿಕೊಡಬೇಕಾದವನು ಅರ್ಜಿದಾರನೇ? ಇಲ್ಲಿ ಮೇಲ್ಮನವಿ ನ್ಯಾಯಾಲಯಗಳು ಒಮ್ಮತಕ್ಕೆ ಬಂದಿಲ್ಲ. ಹಣ ಅವನ ಕೈಯಲ್ಲಿಲ್ಲದ ಮೇಲೆ ಕೇಳುವಂತಿಲ್ಲ ಎಂದು 2007ರಲ್ಲಿ ಎಂಟನೇ ಸರ್ಕ್ಯೂಟ್ ಹೇಳಿದರೆ, ಕೇಳಬಹುದು ಎಂದು 2014ರಲ್ಲಿ ಒಂಬತ್ತನೇ ಸರ್ಕ್ಯೂಟ್ ಹೇಳಿತು. ಅರ್ಜಿಗೆ ಮುನ್ನ ಎಲ್ಲ ಚೆಕ್ಕುಗಳೂ ಪಾಸಾಗುವವರೆಗೆ ಕಾಯುವುದು, ಇಲ್ಲವೇ ಬ್ಯಾಂಕಿನಿಂದ ಕ್ಯಾಷಿಯರ್ಸ್ ಚೆಕ್ ಪಡೆದು ಬಾಡಿಗೆ ಕಟ್ಟುವುದು ಈ ಜಗಳವನ್ನೇ ತಪ್ಪಿಸುತ್ತದೆ.

ಎಸ್ಟೇಟಿಗೆ ಸೇರಿದ ಹಣವೆಲ್ಲ ಕೈಬಿಟ್ಟಿತೆಂದಲ್ಲ. ಫೆಡರಲ್ ವಿನಾಯಿತಿ ಪಟ್ಟಿಯಲ್ಲಿ ಯಾವ ಆಸ್ತಿಗಾದರೂ ಅನ್ವಯಿಸಬಹುದಾದ ಒಂದು ಅಂಶವಿದೆ. 2025ರ ಏಪ್ರಿಲ್ 1ರ ಪರಿಷ್ಕರಣೆಯಂತೆ ಅದು 1,675 ಡಾಲರ್; ಜೊತೆಗೆ ಮನೆಗೆ ಮೀಸಲಾದ ವಿನಾಯಿತಿಯಲ್ಲಿ ಬಳಸದೆ ಉಳಿದ ಭಾಗದಿಂದ 15,800 ಡಾಲರಿನವರೆಗೆ ಸೇರಿಸಿಕೊಳ್ಳಬಹುದು. ಸ್ವಂತ ಮನೆಯಿಲ್ಲದ ಬಾಡಿಗೆದಾರನ ಖಾತೆಗೆ ಇದು ದೊಡ್ಡ ರಕ್ಷಣೆ. ಗಂಡ ಹೆಂಡತಿ ಜಂಟಿಯಾಗಿ ಅರ್ಜಿ ಹಾಕಿದರೆ ಇಬ್ಬರಿಗೂ ಪ್ರತ್ಯೇಕವಾಗಿ ದೊರೆಯುತ್ತದೆ. ಆದರೆ ಹೆಚ್ಚಿನ ರಾಜ್ಯಗಳು ಫೆಡರಲ್ ಪಟ್ಟಿಯನ್ನು ತಳ್ಳಿಹಾಕಿ ತಮ್ಮದೇ ಪಟ್ಟಿಯನ್ನು ಕಡ್ಡಾಯ ಮಾಡಿವೆ, ಮತ್ತು ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ. ಟೆಕ್ಸಾಸಿನ ರಾಜ್ಯ ಪಟ್ಟಿ ಮನೆ ಜಮೀನಿನ ವಿಷಯದಲ್ಲಿ ಧಾರಾಳ, ಬ್ಯಾಂಕಿನಲ್ಲಿರುವ ನಗದಿಗೆ ಮಾತ್ರ ರಕ್ಷಣೆ ಕೊಡುವುದಿಲ್ಲ. ಆದರೆ ಅಲ್ಲಿ ಫೆಡರಲ್ ಪಟ್ಟಿಯನ್ನು ಆರಿಸಿಕೊಳ್ಳಲು ಅವಕಾಶವಿದೆ. ಫ್ಲಾರಿಡಾದಲ್ಲಿ ಆ ಆಯ್ಕೆ ಇಲ್ಲ. ಅಲ್ಲಿ ಕುಟುಂಬ ಪೋಷಕನ ಸಂಬಳದ ರಕ್ಷಿತ ಭಾಗವನ್ನು ಗುರುತಿಸಿ ತೋರಿಸಲು ಸಾಧ್ಯವಾದರೆ ಜಮೆಯಾದ ಆರು ತಿಂಗಳವರೆಗೂ ಅದಕ್ಕೆ ವಿನಾಯಿತಿ ಇದೆ. ಒಳ್ಳೆಯ ವಿನಾಯಿತಿಗಾಗಿ ರಾಜ್ಯ ಬದಲಿಸುವವರನ್ನು ತಡೆಯಲು, ಅರ್ಜಿಗೆ ಹಿಂದಿನ 730 ದಿನ ಎಲ್ಲಿ ವಾಸವಿದ್ದರೋ ಆ ರಾಜ್ಯದ ಪಟ್ಟಿಯೇ ಅನ್ವಯ ಎಂಬ ನಿಯಮವೂ ಇದೆ. ಸೋಷಿಯಲ್ ಸೆಕ್ಯೂರಿಟಿ ಪಿಂಚಣಿಗೆ ಪ್ರತ್ಯೇಕ ಕಾನೂನಿನ ರಕ್ಷಣೆಯಿದೆ. ಅದನ್ನು ಬೇರೆ ಹಣದೊಂದಿಗೆ ಬೆರೆಸದೆ ಒಂದೇ ಖಾತೆಯಲ್ಲಿ ಇಟ್ಟುಕೊಂಡರೆ ರುಜುವಾತು ಸುಲಭ.

ಖಾತೆ ಇರುವ ಬ್ಯಾಂಕಿನಲ್ಲೇ ಸಾಲವೂ ಇದ್ದರೆ ಇನ್ನೊಂದು ಅಪಾಯವಿದೆ. ಬಾಕಿಗೆ ಠೇವಣಿಯನ್ನು ವಜಾ ಹಾಕಿಕೊಳ್ಳುವ ಹಕ್ಕು ಬ್ಯಾಂಕಿಗಿರುತ್ತದೆ. ಅರ್ಜಿಯೊಂದಿಗೇ ಜಾರಿಗೆ ಬರುವ ವಸೂಲಿ ತಡೆ ಇದನ್ನು ನಿಲ್ಲಿಸುತ್ತದಾದರೂ, ನ್ಯಾಯಾಲಯದ ಅನುಮತಿ ಕೇಳುವ ತನಕ ಬ್ಯಾಂಕ್ ಆ ಹಣವನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳಬಹುದು ಎಂದು 1995ರ ಸ್ಟ್ರಂಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅರ್ಜಿದಾರನ ಪಾಲಿಗೆ ಹಣ ಹಿಡಿದಿಡುವುದೂ ವಜಾ ಹಾಕುವುದೂ ಆ ದಿನಗಳ ಮಟ್ಟಿಗೆ ಒಂದೇ: ಡೆಬಿಟ್ ಕಾರ್ಡ್ ನಡೆಯುವುದಿಲ್ಲ. ಹಾಗಾಗಿ ಸಾಲವಿಲ್ಲದ ಬೇರೊಂದು ಬ್ಯಾಂಕಿನಲ್ಲಿ ಮೊದಲೇ ಖಾತೆ ತೆರೆದು ಸಂಬಳವನ್ನು ಅಲ್ಲಿಗೆ ತಿರುಗಿಸುವುದು ರೂಢಿ. ಹಳೆಯ ಸಾಲಗಳಿಗೆ ಕೊಟ್ಟಿದ್ದ ಸ್ವಯಂಪಾವತಿ ಅನುಮತಿಗಳನ್ನೂ ಆಗಲೇ ರದ್ದು ಮಾಡಿಸಬೇಕಾಗುತ್ತದೆ.

ಯಾವ ಖರ್ಚು ಸಲ್ಲುತ್ತದೆ, ಯಾವುದು ಸಲ್ಲದು ಎಂಬ ಗೆರೆ ಅರ್ಜಿಗೆ ಹಿಂದಿನ ತಿಂಗಳುಗಳಲ್ಲಿ ಬೀಳುತ್ತದೆ. ದಿನಸಿ, ಔಷಧಿ, ಬಾಡಿಗೆ, ವಕೀಲರ ಶುಲ್ಕ, 338 ಡಾಲರಿನ ನ್ಯಾಯಾಲಯ ಶುಲ್ಕ ಇವೆಲ್ಲ ಸಲ್ಲುತ್ತವೆ. ಆದರೆ ಅಣ್ಣನಿಂದ ಪಡೆದ ಕೈಸಾಲವನ್ನು ಮರ್ಯಾದೆಗೆ ಅಂಜಿ ಮೊದಲು ತೀರಿಸಿದರೆ ಅದನ್ನು ಪಕ್ಷಪಾತದ ಪಾವತಿ ಎಂದು ಪರಿಗಣಿಸಿ, ಎಸ್ಟೇಟನ್ನು ನೋಡಿಕೊಳ್ಳುವ ಟ್ರಸ್ಟಿ ಅದನ್ನು ಅಣ್ಣನಿಂದಲೇ ವಾಪಸು ಪಡೆಯಬಹುದು. ಬಂಧುಗಳಿಗೆ ಕೊಟ್ಟದ್ದಕ್ಕೆ ಒಂದು ವರ್ಷ, ಹೊರಗಿನವರಿಗೆ ಕೊಟ್ಟದ್ದಕ್ಕೆ 90 ದಿನ ಹಿಂದಕ್ಕೆ ಹೋಗಿ ನೋಡುವ ಅಧಿಕಾರ ಅವನಿಗಿದೆ. ಸಾಲ ಕೊಟ್ಟವರಿಗೆ ಸಿಗದಂತೆ ಹಣ ದಾಟಿಸಿದ್ದರೆ ಫೆಡರಲ್ ಕಾನೂನಿನಡಿ ಎರಡು ವರ್ಷ ಹಿಂದಕ್ಕೂ ಹೋಗಬಹುದು. ದೊಡ್ಡ ಮೊತ್ತವನ್ನು ನಗದಾಗಿ ತೆಗೆದು ರಸೀದಿಯಿಲ್ಲದೆ ಖರ್ಚು ಮಾಡುವುದು ತೀರ ಕೆಟ್ಟ ಉಪಾಯ. ಖರ್ಚು ನ್ಯಾಯವಾದದ್ದೇ ಆಗಿದ್ದರೂ ಅದನ್ನು ತೋರಿಸಲು ದಾರಿಯಿರುವುದಿಲ್ಲ.

ಪ್ರತಿ ಖಾತೆಯನ್ನೂ, ಅದರಲ್ಲಿ ಹತ್ತು ಡಾಲರೇ ಇರಲಿ, ಅರ್ಜಿಯ ಜೊತೆಗಿನ ಆಸ್ತಿ ಪಟ್ಟಿಯಲ್ಲಿ ಬರೆಯಬೇಕು. ಹಿಂದಿನ ಒಂದು ವರ್ಷದಲ್ಲಿ ಮುಚ್ಚಿದ ಖಾತೆಗಳನ್ನೂ ಹೇಳಬೇಕು. ಸಾಲ ಕೊಟ್ಟವರ ಸಭೆಗೆ ಅರ್ಜಿಯ ದಿನವನ್ನು ಒಳಗೊಂಡ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಒದಗಿಸಬೇಕು. ಟ್ರಸ್ಟಿ ಆ ಸಾಲುಗಳ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳುತ್ತಾನೆ. ಅವನ ಸಂಭಾವನೆ, ಹಂಚಿದ ಮೊದಲ 5,000 ಡಾಲರಿಗೆ ಶೇ. 25ರವರೆಗೆ ಇರುವುದರಿಂದ, ಚಿಲ್ಲರೆ ಮೊತ್ತಕ್ಕೆ ಅವನು ಬೆನ್ನು ಬೀಳುವುದು ಅಪರೂಪ. ಬಚ್ಚಿಟ್ಟದ್ದಕ್ಕೆ ಮಾತ್ರ ಈ ಉದಾಸೀನ ಅನ್ವಯಿಸದು. ಸುಳ್ಳು ಪ್ರಮಾಣ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಫೆಡರಲ್ ಅಪರಾಧ, ಜೊತೆಗೆ ಸಾಲಮುಕ್ತಿಯೂ ಕೈತಪ್ಪಬಹುದು.

ಅಮೆರಿಕದಲ್ಲಿ ನೆಲೆಸಿದ ಭಾರತೀಯರಿಗೆ ಇದರಲ್ಲೊಂದು ವಿಶೇಷ ಸಂಗತಿಯಿದೆ. 541ನೇ ಸೆಕ್ಷನ್ ಆಸ್ತಿ ಎಲ್ಲೇ ಇದ್ದರೂ ಅನ್ವಯಿಸುತ್ತದೆ. ಬೆಂಗಳೂರಿನ ಶಾಖೆಯ ಎನ್‌ಆರ್‌ಇ ಠೇವಣಿ, ಮಂಗಳೂರಿನಲ್ಲಿ ತಾಯಿಯ ಜೊತೆಗಿನ ಜಂಟಿ ಖಾತೆ ಎರಡನ್ನೂ ಪಟ್ಟಿಯಲ್ಲಿ ತೋರಿಸಬೇಕು. ಜಂಟಿ ಖಾತೆಯ ಹಣವೆಲ್ಲ ತಾಯಿಯ ಪಿಂಚಣಿಯದೇ ಆಗಿದ್ದು, ಮಗನ ಹೆಸರು ವ್ಯವಹಾರದ ಅನುಕೂಲಕ್ಕಷ್ಟೇ ಇದ್ದರೆ ಅದು ಎಸ್ಟೇಟಿಗೆ ಸೇರದು ಎಂದು ವಾದಿಸಬಹುದು. ಪಾಸ್‌ಬುಕ್ಕಿನ ಜಮೆಗಳೇ ಅದಕ್ಕೆ ಸಾಕ್ಷಿ. ಭಾರತದ ಬ್ಯಾಂಕ್ ಅಮೆರಿಕದ ಟ್ರಸ್ಟಿಯ ಪತ್ರಕ್ಕೆ ಮಣಿಯದಿರಬಹುದು, ಆದರೆ ಹಣ ತಂದೊಪ್ಪಿಸುವಂತೆ ನ್ಯಾಯಾಲಯ ಆಜ್ಞೆ ಮಾಡುವುದು ಎದುರಿಗಿರುವ ಅರ್ಜಿದಾರನಿಗೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ಮೀರಿದರೆ ಸರ್ಕಾರಕ್ಕೆ ಬೇರೆ ವರದಿಯನ್ನೂ ಕೊಡಬೇಕಾದ್ದರಿಂದ, ಎರಡು ಕಾಗದಗಳ ನಡುವಿನ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ.

13ನೇ ಅಧ್ಯಾಯದ ಅರ್ಜಿದಾರ ಖಾತೆಯ ಹಣವನ್ನು ಸಾಮಾನ್ಯವಾಗಿ ಒಪ್ಪಿಸಬೇಕಿಲ್ಲ. ಬದಲಿಗೆ ಮೂರರಿಂದ ಐದು ವರ್ಷ ಕಂತು ಕಟ್ಟುತ್ತಾನೆ. ಆ ಅವಧಿಯ ಸಂಬಳವೂ ಎಸ್ಟೇಟಿಗೆ ಸೇರಿದ್ದು. ವಿನಾಯಿತಿ ಮೀರಿದ ಶಿಲ್ಕು ಎಷ್ಟಿತ್ತೋ, 7ನೇ ಅಧ್ಯಾಯದಲ್ಲಿ ಅದರಿಂದ ಸಾಲ ಕೊಟ್ಟವರಿಗೆ ಸಿಗುತ್ತಿದ್ದಷ್ಟಾದರೂ ಈ ಕಂತುಗಳ ಮೂಲಕ ತಲುಪಬೇಕು.

7ನೇ ಅಧ್ಯಾಯದ ಪ್ರಕರಣ ಮುಗಿದಾಗ, ಪಟ್ಟಿಯಲ್ಲಿ ತೋರಿಸಿದ್ದರೂ ಟ್ರಸ್ಟಿ ಕೈಹಾಕದೆ ಬಿಟ್ಟ ಹಣ 554ನೇ ಸೆಕ್ಷನ್ ಪ್ರಕಾರ ಅರ್ಜಿದಾರನಿಗೆ ಮರಳುತ್ತದೆ. ಪಟ್ಟಿಯಲ್ಲಿ ತೋರಿಸದ ಖಾತೆ ಹಾಗೆ ಮರಳುವುದಿಲ್ಲ. ವರ್ಷಗಳ ನಂತರ ಪತ್ತೆಯಾದರೂ ಅದು ಎಸ್ಟೇಟಿನದೇ, ಮತ್ತು ಅದಕ್ಕಾಗಿ ಮುಚ್ಚಿದ ಪ್ರಕರಣವನ್ನು ಮತ್ತೆ ತೆರೆಯಬಹುದು.